ಗ್ರಾಮಗಳಲ್ಲಿ ಹೊಸ ಮನೆ ಕಟ್ಟುವವರು ಮೊದಲು ತಿಳಿಯಬೇಕಾದ ಸಂಗತಿಗಳು

ರೈತನು ತನ್ನ ಜೀವಮಾನದಲ್ಲಿ ಮಾಡುವ ವೆಚ್ಚಗಳಲ್ಲಿ ಮನೆ ಕಟ್ಟುವ ವೆಚ್ಚವೇ ಬಹುಮಟ್ಟಿಗೆ ದೊಡ್ಡದು. ಹಾಗಿದ್ದರೂ ಗೋಡೆಗಳು ಮೇಲೆದ್ದ ಬಳಿಕ ಕಾಗದಪತ್ರಗಳ ಯೋಚನೆ ಮಾಡುವ ವಾಡಿಕೆಯು ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಇನ್ನೂ ನಿಂತಿಲ್ಲ. ಹೀಗೆ ಕಟ್ಟಿದ ಮನೆಗೆ ಬ್ಯಾಂಕಿನವರು ಸಾಲ ಕೊಡಲು ಒಪ್ಪುವುದಿಲ್ಲ. ಅಣ್ಣತಮ್ಮಂದಿರು ಭಾಗವಾಗುವ ಕಾಲದಲ್ಲಿ ವ್ಯಾಜ್ಯಕ್ಕೆ ಆಸ್ಪದವಾಗುತ್ತದೆ. ಕೆಲವು ಸಂದರ್ಭಗಳಲ್ಲಿ ಕಟ್ಟಡವನ್ನೇ ತೆಗೆಯಬೇಕಾಗಿ ಬರುತ್ತದೆ.

ಹಿಂದೆ ಗ್ರಾಮದ ಪಟೇಲರೂ ಶಾನುಭೋಗರೂ ಬಂದು ಸ್ಥಳ ನೋಡಿ ಆಗಬಹುದೆಂದರೆ ಅಷ್ಟರಿಂದಲೇ ಕೆಲಸ ನಡೆಯುತ್ತಿತ್ತು. ವಂಶಪಾರಂಪರ್ಯದ ಆ ಗ್ರಾಮಾಧಿಕಾರಗಳು ೧೯೬೩ನೆಯ ಇಸವಿ ಫೆಬ್ರವರಿ ೧ರಿಂದ ರದ್ದಾದುವು. ಈಗ ೧೯೯೩ನೆಯ ಪಂಚಾಯತ್ ರಾಜ್ ಅಧಿನಿಯಮದ ೬೪ನೆಯ ಪ್ರಕರಣದ ಮೇರೆಗೆ, ಹೊಸದಾಗಿ ಕಟ್ಟುವುದಕ್ಕಾಗಲಿ, ಇದ್ದುದನ್ನು ಬೆಳೆಸುವುದಕ್ಕಾಗಲಿ ಗ್ರಾಮ ಪಂಚಾಯತಿಯ ಲಿಖಿತ ಅನುಮತಿ ಬೇಕು. ಸದಸ್ಯರ ಇಲ್ಲವೆ ಊರಿನ ಯಜಮಾನರ ಬಾಯಿಮಾತು, ಅದೆಷ್ಟೇ ಸದುದ್ದೇಶದಿಂದ ಬಂದುದಾದರೂ, ಅನುಮತಿಯೆನಿಸುವುದಿಲ್ಲ.

ಆದರೆ ಪಂಚಾಯತಿಯ ಕಛೇರಿಗೆ ಹೋಗುವುದಕ್ಕೆ ಮುಂಚೆ ತೀರ್ಮಾನವಾಗಬೇಕಾದ ಪ್ರಶ್ನೆ ಒಂದಿದೆ. ಮನೆ ಏಳಬೇಕಾದ ನೆಲವು ಯಾವ ಬಗೆಯದು? ಮುಂದಿನ ಕ್ರಮವೆಲ್ಲ ಇದನ್ನೇ ಅವಲಂಬಿಸಿದೆ.

ನಿವೇಶನವು ಗ್ರಾಮಠಾಣದ ಎಲ್ಲೆಯೊಳಗೆ ಇದ್ದರೆ ಹಾದಿ ಸುಲಭ. ಸ್ವತ್ತು ಯಜಮಾನನ ಹೆಸರಿಗೆ ದಾಖಲಾಗಿ, ೨೦೧೩ರಲ್ಲಿ ಜಾರಿಗೆ ಬಂದ ಇ-ಸ್ವತ್ತು ಕ್ರಮದಂತೆ ನಮೂನೆ ೯ ದೊರೆತಿದ್ದರೆ, ಅದನ್ನೂ ಕಂದಾಯದ ರಸೀತಿಯನ್ನೂ ಮನೆಯ ನಕ್ಷೆಯನ್ನೂ ಸೇರಿಸಿ ಪಂಚಾಯತಿಯ ಅಭಿವೃದ್ಧಿ ಅಧಿಕಾರಿಗಳಿಗೆ ಅರ್ಜಿ ಕೊಡತಕ್ಕದ್ದು. ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿಯೇ ಖಾತೆ ಉಳಿದಿರುವುದು ಬಹಳ ಕಡೆಗಳಲ್ಲುಂಟು; ಅಂಥವರು ಮೊದಲು ಖಾತೆ ಬದಲಾವಣೆ ಮಾಡಿಸಿಕೊಳ್ಳಬೇಕು. ನಮೂನೆ ೧೧ಬಿ ಎಂಬುದನ್ನು ಹಿಡಿದು ಎಲ್ಲವೂ ಸಕ್ರಮವಾಯಿತೆಂದು ಭಾವಿಸುವವರೂ ಉಂಟು. ಅದು ತೆರಿಗೆಯ ಲೆಕ್ಕಕ್ಕೆ ಒದಗುವ ದಾಖಲೆಯೇ ಹೊರತು ಅದರಿಂದ ಅಕ್ರಮವು ಸಕ್ರಮವಾಗುವುದಿಲ್ಲ.

ತೊಡಕೆಲ್ಲ ಇರುವುದು ಹೊಲದಲ್ಲಿ ಮನೆ ಕಟ್ಟುವವರಿಗೆ. ಊರೊಳಗೆ ಸ್ಥಳ ಸಾಲದೆ ರಸ್ತೆಯ ಮಗ್ಗುಲಿನ ಖುಷ್ಕಿ ಜಮೀನಿನಲ್ಲಿ ಮನೆ ಮಾಡಿಕೊಳ್ಳುವುದು ಈಚೆಗೆ ಹೆಚ್ಚಾಗಿದೆ. ಸಾಗುವಳಿಯ ಜಮೀನನ್ನು ವಾಸಕ್ಕೆ ತಿರುಗಿಸಬೇಕಾದರೆ ೧೯೬೪ನೆಯ ಭೂಕಂದಾಯ ಅಧಿನಿಯಮದ ೯೫ನೆಯ ಪ್ರಕರಣದಂತೆ ಜಿಲ್ಲಾಧಿಕಾರಿಗಳಿಂದ ಭೂಪರಿವರ್ತನೆಯ ಆಜ್ಞೆ ಪಡೆಯಬೇಕು. ವಿನ್ಯಾಸ ನಕ್ಷೆಗೆ ಯೋಜನಾ ಇಲಾಖೆಯವರ ಅನುಮೋದನೆ, ಆ ಮೇಲೆ ಪಂಚಾಯತಿಯ ಖಾತೆ, ಕಡೆಯಲ್ಲಿ ಕಟ್ಟಡದ ಅನುಮತಿ. ಈ ಅನುಕ್ರಮವನ್ನು ಹಿಂದುಮುಂದು ಮಾಡಿದರೆ ಅರ್ಜಿಯು ಮೇಜಿನಿಂದ ಮೇಜಿಗೆ ಅಲೆಯುತ್ತಿರುತ್ತದೆ. ಇದಕ್ಕೆ ಮುಂಚಿತವಾಗಿ ಜಮೀನು ಪೋಡಿಯಾಗಿರಬೇಕು. ಒಂದು ಸರ್ವೆ ನಂಬರಿನಲ್ಲಿ ನಾಲ್ಕೈದು ಮಂದಿಯ ಹೆಸರು ಜಂಟಿಯಾಗಿ ಪಹಣಿಯಲ್ಲಿದ್ದು, ಬದುಗಳ ಮೇಲೆ ಮಾತ್ರ ಹಂಚಿಕೆ ನಡೆದಿದ್ದರೆ, ತನ್ನ ಭಾಗವೆಂದು ಒಬ್ಬನು ಹೇಳುವ ಮಾತಿಗೆ ದಾಖಲೆಯ ಆಧಾರವಿಲ್ಲ. ಸರ್ವೆ ನಂಬರಿನ ಒಂದು ತುಂಡನ್ನು ಮಾತ್ರ ಪರಿವರ್ತಿಸುವುದಾದರೆ ಭೂಮಾಪಕರಿಂದ ೧೧ಇ ನಕ್ಷೆಯನ್ನು ಮಾಡಿಸತಕ್ಕದ್ದು.

ಸ್ವಂತ ವ್ಯವಸಾಯಕ್ಕಾಗಿ ಹೊಲದಲ್ಲಿಯೇ ನೆಲಸುವ ರೈತನಿಗೆ ಇದೇ ಪ್ರಕರಣದಲ್ಲಿ ಒಂದು ರಿಯಾಯಿತಿಯಿದೆ. ಇದನ್ನು ತಿಳಿದವರು ಕಡಿಮೆ. ತನ್ನ ವಾಸಕ್ಕೂ, ದನಕರುಗಳನ್ನು ಕಟ್ಟುವುದಕ್ಕೂ, ಉಪಕರಣಗಳನ್ನಿಡುವುದಕ್ಕೂ ತೋಟದ ಮನೆ ಕಟ್ಟಿಕೊಳ್ಳುವುದಕ್ಕೆ ಭೂಪರಿವರ್ತನೆ ಬೇಕಿಲ್ಲ. ಆದರೆ ಅದು ಹಿಡುವಳಿಯ ನೂರಕ್ಕೆ ಹತ್ತು ಭಾಗವನ್ನೂ, ಸರ್ಕಾರದವರು ನಿಯಮದಲ್ಲಿ ಗೊತ್ತುಮಾಡಿದ ಪರಿಮಿತಿಯನ್ನೂ ಮೀರಕೂಡದು. ಎರಡು ಎಕರೆ, ಅಂದರೆ ಎಂಬತ್ತು ಗುಂಟೆ ಉಳ್ಳವನಿಗೆ ಹತ್ತನೆಯ ಒಂದು ಭಾಗವು ಎಂಟು ಗುಂಟೆಯಾಗುತ್ತದೆ. ಈ ಮನೆಯನ್ನು ವ್ಯಾಪಾರಕ್ಕಾಗಿ ಬಾಡಿಗೆಗೆ ಕೊಡಕೂಡದು. ಢಾಬಾ, ಗೋದಾಮುಗಳಿಗೆ ತೋಟದ ಮನೆಯೆಂದು ಹೆಸರಿಟ್ಟರೆ ರಿಯಾಯಿತಿಯು ಸಲ್ಲುವುದಿಲ್ಲ. ಭೂಪರಿವರ್ತನೆ ಬೇಕಿಲ್ಲವೆಂದ ಮಾತ್ರಕ್ಕೆ ಪಂಚಾಯತಿಯನ್ನು ಕೇಳಬೇಕಾದುದಿಲ್ಲವೆಂದು ಅರ್ಥವಲ್ಲ.

ಸ್ಥಳದ ಆಯ್ಕೆಯಲ್ಲಿ ಈ ಸೀಮೆಗೆ ವಿಶೇಷವಾದ ವಿಚಾರವೊಂದುಂಟು. ಮಳೆ ಕಡಿಮೆಯಾದ ಈ ತಾಲ್ಲೂಕುಗಳಲ್ಲಿ ಹಿರಿಯರು ಹಳ್ಳದ ಪಾತ್ರಗಳಲ್ಲಿಯೂ ಕೆರೆಯ ಅಂಗಳಗಳಲ್ಲಿಯೂ ನೆಲದೊಳಗಿನ ಊಟೆಗಳನ್ನು ಗುರುತಿಸಿ, ತಲಪರಿಗೆಗಳನ್ನು ತೋಡಿ, ಕಾಲುವೆಗಳ ಮೂಲಕ ನೀರನ್ನು ಸರದಿಯಂತೆ ಹಂಚಿಕೊಳ್ಳುತ್ತಿದ್ದರು. ಕೊಳವೆ ಬಾವಿಗಳು ಹೆಚ್ಚಿದ ಮೇಲೆ ಅನೇಕ ತಲಪರಿಗೆಗಳು ಬತ್ತಿ, ಅವುಗಳ ಕಾಲುವೆಗಳು ಹೂತು, ಈಗ ಬರಿಯ ಪಾಳುನೆಲದಂತೆ ತೋರುತ್ತವೆ. ಹಾಗೆ ತೋರುವ ನೆಲದ ಮೇಲೆ ಗೋಡೆ ಎಬ್ಬಿಸಿದರೆ ಮುಂದೆ ಊಟೆಯು ಮರಳಿದರೂ ನೀರಿಗೆ ದಾರಿಯಿರದು. ಕೆರೆಯಂಗಳ, ರಾಜಕಾಲುವೆ, ಬಂಡಿದಾರಿಗಳೂ ಹೀಗೆಯೇ. ಪಹಣಿಯಲ್ಲಿ ಖರಾಬೆಂದು ಬರೆದಿರುವ ನೆಲವು ಯಾರಿಗೂ ಸೇರದ ನೆಲವೆಂದು ತಿಳಿಯಕೂಡದು. ಬಹುಕಾಲ ಒಣಗಿದ್ದ ಜಯಮಂಗಲಿಯು ೨೦೨೨ರ ಮಳೆಗಾಲದಲ್ಲಿ ಉಕ್ಕಿ ಹರಿದು ಮಧುಗಿರಿ ತಾಲ್ಲೂಕಿನ ನದೀತೀರದ ಊರುಗಳಿಗೆ ನುಗ್ಗಿತು. ಹತ್ತು ವರ್ಷ ನೀರು ಕಾಣದ ಹಳ್ಳವನ್ನು ಹಳ್ಳವಲ್ಲವೆಂದು ಬಗೆದವರು ಆಗ ನಷ್ಟಕ್ಕೊಳಗಾದರು. ಆದಕಾರಣ ಗ್ರಾಮ ನಕ್ಷೆಯನ್ನು ತರಿಸಿ ನೋಡಿ, ವಯಸ್ಸಾದವರನ್ನು ಕೇಳಿ, ಎತ್ತರವಾದ ಖುಷ್ಕಿ ನೆಲವನ್ನೇ ಆರಿಸುವುದು ಲೇಸು. ಅಚ್ಚುಕಟ್ಟಿನ ತರಿ ಜಮೀನನ್ನು ಮನೆಗಾಗಿ ಕೆಡಿಸುವುದು ಇರುವ ಅಲ್ಪ ನೀರಾವರಿಯನ್ನೂ ಕಳೆದುಕೊಂಡಂತೆ.

ಸಿರಾ, ಪಾವಗಡಗಳ ಕಡೆ ಗೊಲ್ಲರಹಟ್ಟಿಗಳೂ ತಾಂಡಗಳೂ ತಲೆಮಾರುಗಳಿಂದ ಇದ್ದರೂ ಅವುಗಳಲ್ಲಿ ಅನೇಕವು ಕಂದಾಯದ ದಾಖಲೆಗಳಲ್ಲಿ ಗ್ರಾಮಗಳಾಗಿರಲಿಲ್ಲ. ಖಾಸಗಿ ಜಮೀನಿನ ಮೇಲಿರುವ ಇಂಥ ವಸತಿಗಳ ನಿವಾಸಿಗಳಿಗೆ ಭೂಸುಧಾರಣಾ ಅಧಿನಿಯಮದ ೩೮ಎ ಪ್ರಕರಣದಿಂದ ಮನೆಯ ಅಡಿಯ ನೆಲದ ಹಕ್ಕು ದೊರೆಯುವಂತಾಗಿದೆ. ಸರ್ಕಾರಿ ನೆಲದಲ್ಲಿ, ಕಾಯಿದೆಯು ಗೊತ್ತುಮಾಡಿದ ತಾರೀಖಿಗೆ ಹಿಂದೆ ಕಟ್ಟಿದ ಮನೆಗಳಿಗೆ ೯೪ಸಿ ಪ್ರಕರಣವುಂಟು. ಇವು ಹಳೆಯ ಮನೆಗಳಿಗೆ ಮಾಡಿದ ಉಪಕಾರ. ಹೊಸದಾಗಿ ಗೋಮಾಳದಲ್ಲಿ ಕಟ್ಟಿದರೆ ಮುಂದೆ ಸಕ್ರಮವಾದೀತೆಂಬ ಆಸೆ ಹುಟ್ಟಿಸುವವರ ಮಾತನ್ನು ನಂಬಕೂಡದು.

ನಿವೇಶನವನ್ನು ಕ್ರಯಕ್ಕೆ ಕೊಳ್ಳುವವರು ಅದು ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಿಗೆ ಸರ್ಕಾರವು ಮಂಜೂರು ಮಾಡಿದ ಜಮೀನೇ ಎಂಬುದನ್ನು ವಿಚಾರಿಸಬೇಕು. ೧೯೭೮ನೆಯ ಅಧಿನಿಯಮದಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅದರ ಪರಭಾರೆ ಸಲ್ಲದು. ೨೦೨೩ರ ತಿದ್ದುಪಡಿಯಂತೆ ಈ ಅಧಿನಿಯಮದ ಮೊರೆಹೋಗುವುದಕ್ಕೆ ಕಾಲಮಿತಿಯಿಲ್ಲ. ಮನೆ ಕಟ್ಟಿ ಮುಗಿದ ಮೇಲೂ ನೆಲವು ಮೂಲ ಮಂಜೂರುದಾರನಿಗೆ ಹಿಂದಿರುಗಬಹುದು.

ಅರ್ಜಿಯನ್ನು ಸಲ್ಲಿಸಿದ ಕೂಡಲೆ ಸ್ವೀಕೃತಿಯ ರಸೀತಿಯನ್ನು ಪಡೆದು ಇಟ್ಟುಕೊಳ್ಳಬೇಕು. ಕಟ್ಟಿದ ಶುಲ್ಕಕ್ಕೂ ರಸೀತಿ ಕೇಳಬೇಕು. ಲಿಖಿತ ಅನುಮತಿ ಕೈಸೇರಿದ ಮೇಲೆಯೇ ಪಾಯ ತೋಡುವ ಮುಹೂರ್ತವನ್ನು ಗೊತ್ತುಮಾಡತಕ್ಕದ್ದು. ಒಪ್ಪಿಗೆಯಾದ ನಕ್ಷೆಯ ಒಂದು ಪ್ರತಿಯನ್ನು ಕೆಲಸ ನಡೆಯುವ ಸ್ಥಳದಲ್ಲಿಯೇ ಇರಿಸಿ ಮೇಸ್ತ್ರಿಗೂ ತೋರಿಸತಕ್ಕದ್ದು.