ವೇದಿಕೆ ಮೇಲಿನ ದೀಪ, ವೇದಿಕೆ ಹಿಂದಿನ ಲೆಕ್ಕ

ಮೊನ್ನೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರೋಡ್‌ನಲ್ಲಿ ಟೀ ಕುಡೀತಾ ನಿಂತಿದ್ದೆ. ಎಚ್‌ಎಎಲ್‌ನಿಂದ ನಿವೃತ್ತರಾದ ಹಿರಿಯರೊಬ್ಬರು ಗುರುತು ಹಿಡಿದು ಕೇಳಿದ್ರು: 'ಏನಪ್ಪಾ, ಈ ಹೂಡಿಕೆದಾರರ ಸಮಾವೇಶಗಳನ್ನ ದಿನವಿಡೀ ತೋರಿಸ್ತೀರಲ್ಲ, ಆಮೇಲೆ ಏನಾಯ್ತು ಅಂತ ಯಾಕೆ ತೋರಿಸಲ್ಲ?'

ಆಗ ನಕ್ಕು ಸುಮ್ಮನಾದೆ. ಉತ್ತರ ಇವತ್ತು ಹೇಳ್ತೀನಿ. ಅದಕ್ಕೆ ಮೊದಲು ಷಿಕಾಗೋಗೆ ಹೋಗಿ ಬರೋಣ.

ಷಿಕಾಗೋ ಅಂದ್ರೆ ನಮಗೆ 1893, ಸ್ವಾಮಿ ವಿವೇಕಾನಂದರ ಭಾಷಣ. ಆ ಸರ್ವಧರ್ಮ ಸಮ್ಮೇಳನ ನಡೆದದ್ದು ಒಂದು ವಿಶ್ವ ಮೇಳದ ಅಂಗವಾಗಿ. ನಲವತ್ತು ವರ್ಷದ ಮೇಲೆ, 1933ರ ಮೇ 27ಕ್ಕೆ, ಅದೇ ಊರಲ್ಲಿ ಇನ್ನೊಂದು ವಿಶ್ವ ಮೇಳ ಶುರುವಾಯ್ತು. ಹೆಸರು 'ಶತಮಾನದ ಪ್ರಗತಿ'. ಹಿಂದಿನ ಮೇಳದ ವರ್ಷ ಸ್ವಾತಿ ನಕ್ಷತ್ರದಿಂದ ಹೊರಟ ಬೆಳಕು ಈಗ ಭೂಮಿಗೆ ತಲುಪ್ತಿದೆ ಅಂತ ಅಂದಾಜು ಮಾಡಿ, ಆ ಬೆಳಕನ್ನ ದೂರದರ್ಶಕದಲ್ಲಿ ಹಿಡಿದು, ವಿದ್ಯುತ್ ಸಂಕೇತ ಮಾಡಿ ಮೇಳದ ದೀಪ ಹೊತ್ತಿಸಿದ್ರು. ಎಂಜಿನಿಯರಿಂಗ್ ಓದಿದ ನನಗೆ ಇದು ಇವತ್ತಿಗೂ ರೋಮಾಂಚನ.

ಆದ್ರೆ ಮೇಳದ ಗೇಟಿನ ಹೊರಗೆ? ಮಹಾ ಆರ್ಥಿಕ ಕುಸಿತ. ಕೆಲಸ ಕಳೆದುಕೊಂಡವರ ಸಾಲು. ಮೇಲಿಂದ ಊರಿಗೆ ಅಂಟಿದ್ದ ಕುಖ್ಯಾತಿ: ಅಲ್ ಕಪೋನೆ. ಪಾನನಿಷೇಧದ ಕಾಲದಲ್ಲಿ ಕಳ್ಳ ಮದ್ಯ, ಜೂಜು, ಹಫ್ತಾ ಎಲ್ಲವನ್ನೂ ಕಂಪನಿಯ ಹಾಗೆ ನಡೆಸಿದವನು. 1929ರ ಫೆಬ್ರವರಿ 14ಕ್ಕೆ ಅದೇ ಊರಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಕೊಂದರು. ಇಂಥ ಊರಿಗೆ ಯಾರು ಮೇಳ ನೋಡೋಕೆ ಬರ್ತಾರೆ? ವ್ಯಾಪಾರಿಗಳೇ ಗುಟ್ಟಾಗಿ ಕೂಟ ಕಟ್ಟಿ, ಕಪೋನೆ ವಿರುದ್ಧದ ತನಿಖೆಗೆ ದುಡ್ಡು ಕೊಟ್ರು.

ಅವನು ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಕೊಲೆ ಕೇಸಲ್ಲಲ್ಲ. ಜೂಜುಕಟ್ಟೆಯಲ್ಲಿ ಜಪ್ತಿಯಾಗಿದ್ದ ಹಳೇ ಲೆಕ್ಕದ ಪುಸ್ತಕ, ಕಟ್ಟದೇ ಇದ್ದ ಆದಾಯ ತೆರಿಗೆ. 1931ರಲ್ಲಿ 11 ವರ್ಷ ಜೈಲು. ಆದ್ರೆ ನೆನಪಿಡಿ, ನಾಯಕ ಹೋದ, ಗ್ಯಾಂಗ್ ಹೋಗಲಿಲ್ಲ. ಫ್ರಾಂಕ್ ನಿಟ್ಟಿ ಕೈಗೆ ಬಂತು. ಊರಿನ ಮುಖ ತೊಳೆದಿದ್ರು, ಅಷ್ಟೇ.

ಈಗ ನಮ್ಮೂರಿಗೆ ಬನ್ನಿ.

2010ರ ಜೂನ್ 3 ಮತ್ತು 4. ಅರಮನೆ ಮೈದಾನ. 2008ರ ಜಾಗತಿಕ ಹಿಂಜರಿತದ ಪೆಟ್ಟು ಇನ್ನೂ ಆರಿರಲಿಲ್ಲ. ಜಾಗತಿಕ ಹೂಡಿಕೆದಾರರ ಸಮಾವೇಶದಲ್ಲಿ ಘೋಷಣೆಯಾದ ಒಪ್ಪಂದಗಳ ಮೊತ್ತ ಸುಮಾರು 3.92 ಲಕ್ಷ ಕೋಟಿ ರೂಪಾಯಿ. ನಾನಾಗ ವಿದ್ಯಾರ್ಥಿ. ಟಿವಿ ಮುಂದೆ ಕೂತು ಕೆಲಸದ ಕನಸು ಕಾಣ್ತಿದ್ದೆ.

ಅದೇ ತಿಂಗಳು ಬೇಲೆಕೇರಿ ಬಂದರಿನ ಸುದ್ದಿ ಸ್ಫೋಟವಾಯ್ತು. ಮಾರ್ಚ್‌ನಲ್ಲಿ ಜಪ್ತಿ ಮಾಡಿ ಇಟ್ಟಿದ್ದ ಕಬ್ಬಿಣದ ಅದಿರಲ್ಲಿ ಲಕ್ಷಾಂತರ ಟನ್ ನಾಪತ್ತೆ! ಕರ್ಚೀಫಲ್ಲ ಸ್ವಾಮಿ, ಜೇಬಿಗೆ ಹಾಕ್ಕೊಂಡು ಹೋಗೋಕೆ. ಹಡಗಿನಲ್ಲೇ ಹೋಗ್ಬೇಕು. ಜೂನ್ 23ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ರು, ಆಮೇಲೆ ವಾಪಸ್ ಪಡೆದ್ರು.

ಇಲ್ಲೂ ಕಳ್ಳರನ್ನ ಹಿಡಿದದ್ದು ಲೆಕ್ಕವೇ. ಎಂಜಿನಿಯರಿಂಗ್‌ನ ಮೊದಲ ಪಾಠ: ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ತಾಳೆ ಆಗ್ಬೇಕು. ಪರ್ಮಿಟ್ ಎಷ್ಟು ಟನ್ನಿಗೆ? ಬಂದರಿನಿಂದ ಹೋದದ್ದು ಎಷ್ಟು? ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಅವರ ತಂಡ ಕಡತ ಕಡತ ಜೋಡಿಸಿ ನೋಡಿತು. 2011ರ ಜುಲೈ 27ರ ವರದಿ ಪ್ರಕಾರ, 2006ರಿಂದ 2010ರೊಳಗೆ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಗಿತ್ತು. ಬೊಕ್ಕಸಕ್ಕೆ ಒಟ್ಟು ನಷ್ಟ 16,085 ಕೋಟಿ. ಅಕ್ರಮ ಸಾಗಣೆಗೆ ಒಂದು ಹೆಸರೂ ಇತ್ತು: 'ಝೀರೋ ರಿಸ್ಕ್'. ಅಂದ್ರೆ ದುಡ್ಡು ಕೊಡಿ, ಲಾರಿಯನ್ನ ಯಾರೂ ತಡೆಯಲ್ಲ. ಕಪೋನೆಯ ಹಫ್ತಾಗೂ ಇದಕ್ಕೂ ಏನು ವ್ಯತ್ಯಾಸ, ನೀವೇ ಹೇಳಿ.

ಎರಡೇ ದಿನದಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆಗೆ ತಡೆ ಹಾಕ್ತು. ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ರು.

ಮತ್ತೆ ಆ ಸಮಾವೇಶದ ಒಪ್ಪಂದಗಳು? ಗದಗ ಜಿಲ್ಲೆಗೆ ಬರಬೇಕಿದ್ದ ಪೋಸ್ಕೋ 2013ರಲ್ಲಿ ಹಿಂದೆ ಸರಿಯಿತು. ಬಳ್ಳಾರಿಯ ಕುಡತಿನಿಯಲ್ಲಿ ಆರ್ಸೆಲರ್ ಮಿತ್ತಲ್ ಉಕ್ಕಿನ ಕಾರ್ಖಾನೆಗೆ ರೈತರ ಭೂಮಿ ಹೋಯ್ತು, ಕಾರ್ಖಾನೆ ಏಳಲಿಲ್ಲ. ರೈತರು ವರ್ಷಗಟ್ಟಲೆ ಧರಣಿ ಕೂತ್ರು.

ಮೇಳ ಬೇಡ ಅಂತ ನಾನು ಹೇಳ್ತಿಲ್ಲ. ಕಷ್ಟದ ಕಾಲದಲ್ಲಿ ಊರಿಗೆ ಆಸೆ ಬೇಕು. ಆದ್ರೆ ಆಸೆಗೂ ಲೆಕ್ಕ ಬೇಕು.

ತಿಪ್ಪಸಂದ್ರದ ಹಿರಿಯರೇ, ನಿಮ್ಮ ಪ್ರಶ್ನೆ ನಮ್ಮ ಕಡೆಗೇ ಇತ್ತು, ಒಪ್ಕೋತೀನಿ. ದೀಪ ಹಚ್ಚುವಾಗ ನಮ್ಮ ಕ್ಯಾಮೆರಾ ಹತ್ತು ಇರುತ್ತೆ. ಕುಡತಿನಿಯ ಧರಣಿಗೆ ಒಂದಾದರೂ ಹೋಗಬೇಕಿತ್ತು. ಮುಂದಿನ ಸಮಾವೇಶದ ದಿನ ನಾವು ಹಳೇ ಸಮಾವೇಶದ ಲೆಕ್ಕ ಕೇಳದಿದ್ರೆ, ನೀವು ನಮ್ಮನ್ನ ಕೇಳಿ. ಟೀ ಅಂಗಡಿ ಮುಂದೆನೇ ನಿಲ್ಲಿಸಿ ಕೇಳಿ.