ಕಾರವಾರದಲ್ಲಿ ಇಳಿದ ರತ್ನವರ್ತಕ

ಮಂಚೇನಹಳ್ಳಿಯ ಬಯಲಿನಲ್ಲಿ ಕಡಲನ್ನು ಕಾಣದೆಯೇ ಬಾಳು ಸವೆಸಿದ ಹಿರಿಯರು ಎಷ್ಟೋ ಮಂದಿ. ಆದರೆ ಮಳೆ ಹೋಗಿ ಕಣ ಬರಿದಾದ ವರ್ಷದ ಸಂಕಟವನ್ನೂ, ಕಳೆದುದನ್ನು ಮತ್ತೆ ಗಳಿಸಬೇಕೆಂಬ ಹಂಬಲವನ್ನೂ ಅವರು ಚೆನ್ನಾಗಿ ಬಲ್ಲರು. ಅದೇ ಹಂಬಲವನ್ನು ಹೊತ್ತು ಮುನ್ನೂರು ವರ್ಷಗಳಿಗೂ ಹಿಂದೆ ನಮ್ಮ ಕಾರವಾರದ ದಡದಲ್ಲಿ ಇಳಿದ ಒಬ್ಬ ವರ್ತಕನ ಕಥೆಯನ್ನು ವಾಚಕರ ಮುಂದಿಡುತ್ತೇನೆ. ಆತನ ಹೆಸರು ಬೆಂಜಮಿನ್ ಫ್ರಾಂಕ್ಸ್. ಆತನ ಬಾಳಿನ ಒಂದು ತುಣುಕು ಇಂದಿಗೂ ಉಳಿದಿರುವುದಕ್ಕೆ ಕಾರಣ, ಆತನು ಪ್ರಮಾಣಮಾಡಿ ಕೊಟ್ಟ ಒಂದು ಹೇಳಿಕೆ.

ಫ್ರಾಂಕ್ಸನು ಯೆಹೂದ್ಯನು, ರತ್ನಗಳ ವ್ಯಾಪಾರ ಆತನ ಕಸುಬು. ವೆಸ್ಟ್ ಇಂಡೀಸಿನಲ್ಲಿರುವ ಜಮೈಕಾ ದ್ವೀಪದ ಪೋರ್ಟ್ ರಾಯಲ್ ಪಟ್ಟಣದ ಬಹುಭಾಗವು 1692ನೆಯ ಇಸವಿ ಜೂನ್ 7ರ ಭೂಕಂಪದಲ್ಲಿ ಸಮುದ್ರದ ಪಾಲಾಯಿತು. ಜಮೈಕಾದ ಭೂಕಂಪದಿಂದಲೂ ಶತ್ರುಗಳ ಹಾವಳಿಯಿಂದಲೂ ತನಗೆ ಸುಮಾರು 12,000 ಪೌಂಡುಗಳ ನಷ್ಟವಾಯಿತೆಂದು ಆತನು ಹೇಳಿಕೊಂಡಿದ್ದಾನೆ. ಆ ಕಾಲದಲ್ಲಿ ಲೋಕದ ವಜ್ರಗಳೆಲ್ಲವೂ ಹೆಚ್ಚು ಕಡಿಮೆ ನಮ್ಮ ದೇಶದಿಂದಲೇ ಹೋಗುತ್ತಿದ್ದುವು. ಇಲ್ಲಿಗೆ ಬಂದರೆ ಮತ್ತೆ ತಲೆಯೆತ್ತಬಹುದೆಂದು ಆತನು ನಂಬಿದುದರಲ್ಲಿ ಆಶ್ಚರ್ಯವೇನಿದೆ?

ಆದರೆ ಆತನು ಹತ್ತಿದ ಹಡಗು ಎಂತಹದು! ಅದು 1696ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಿಂದ ಹೊರಟ ಕ್ಯಾಪ್ಟನ್ ವಿಲಿಯಂ ಕಿಡ್ಡನ 'ಅಡ್ವೆಂಚರ್ ಗ್ಯಾಲಿ'. 34 ಫಿರಂಗಿಗಳುಳ್ಳ ಈ ಹಡಗಿಗೆ ಕಡಲ್ಗಳ್ಳರನ್ನೂ ಫ್ರೆಂಚರ ಹಡಗುಗಳನ್ನೂ ಹಿಡಿಯುವಂತೆ ಇಂಗ್ಲೆಂಡಿನ ದೊರೆ ಮೂರನೆಯ ವಿಲಿಯಮನ ಸನ್ನದು ಇದ್ದಿತು. ನಾವಿಕರಿಗೆ ಸಂಬಳವೆಂಬುದಿಲ್ಲ, ಕೊಳ್ಳೆ ಸಿಕ್ಕಿದರೆ ಪಾಲು, ಸಿಕ್ಕದಿದ್ದರೆ ಬರಿಗೈ. ಇಂತಹ ಕರಾರಿನಲ್ಲಿ ಕಾವಲುಗಾರನು ಕಳ್ಳನಾಗುವುದಕ್ಕೆ ಎಷ್ಟು ದಿನ ಬೇಕು? ಮಡಗಾಸ್ಕರನ್ನೂ ಕೊಮೊರೊ ದ್ವೀಪಗಳನ್ನೂ ದಾಟುವಷ್ಟರಲ್ಲಿ ರೋಗಕ್ಕೆ ಸಿಕ್ಕಿ ಅನೇಕರು ಸತ್ತರು. ಬಳಿಕ ಕಿಡ್ಡನು ಕೆಂಪು ಸಮುದ್ರದ ಬಾಯಿಯಲ್ಲಿ ಹೊಂಚುಹಾಕಿ, ಮೋಖಾದಿಂದ ಸೂರತಿಗೆ ಮರಳುತ್ತಿದ್ದ ಹಡಗುಗಳನ್ನು ಬೆನ್ನಟ್ಟಿದನು. ಕಂಪೆನಿಯ ಕಾವಲು ಹಡಗು ಎದುರಾದುದರಿಂದ ಆ ಪ್ರಯತ್ನ ಫಲಿಸಲಿಲ್ಲ.

ಅನಂತರ ನಮ್ಮ ಪಶ್ಚಿಮ ಕರಾವಳಿಯ ಕಡಲಿನಲ್ಲಿ ಆತನು ಒಂದು ಸಣ್ಣ ಹಡಗನ್ನು ತಡೆದು, ಅದರ ನಾಯಕ ಪಾರ್ಕರನನ್ನು ದಾರಿತೋರುವುದಕ್ಕೂ, ಒಬ್ಬ ಪೋರ್ಚುಗೀಸನನ್ನು ದುಭಾಷಿಯ ಕೆಲಸಕ್ಕೂ ಬಲಾತ್ಕಾರವಾಗಿ ಎಳೆದುಕೊಂಡನು. ಆ ಹಡಗಿನ ಆಳುಗಳನ್ನು ಕಟ್ಟಿ, ಕತ್ತಿಯ ಅಲಗಿನಿಂದ ಹೊಡೆಸಿ, ಹಣವೆಲ್ಲಿದೆಯೆಂದು ಕೇಳಿದರು.

1697ರ ಸೆಪ್ಟೆಂಬರಿನಲ್ಲಿ ಹಡಗು ಕಾರವಾರಕ್ಕೆ ಬಂದಿತು. ಅಲ್ಲಿ 1638ರಷ್ಟು ಹಿಂದೆಯೇ ಸ್ಥಾಪಿತವಾದ ಇಂಗ್ಲಿಷರ ಕೋಠಿಯಿದ್ದಿತು. ಮೆಣಸಿನ ವ್ಯಾಪಾರಕ್ಕೆ ಅದು ಹೆಸರಾದುದು. ಕೋಠಿಯವರು ಪಾರ್ಕರನ ವಿಷಯ ವಿಚಾರಿಸಲು ಬಂದಾಗ, ಕಿಡ್ಡನು ಅವನನ್ನು ಹಡಗಿನ ತಳಭಾಗದಲ್ಲಿ ಅಡಗಿಸಿ, ತನಗೇನೂ ತಿಳಿಯದೆಂದು ಬಿಟ್ಟನು. ಕೋಠಿಯ ಅಧಿಕಾರಿಗಳಾದ ಪ್ಯಾಟಲ್ ಮತ್ತು ಹಾರ್ವಿ ಎಂಬವರು ಈ ಸಂಶಯಗಳನ್ನೆಲ್ಲ ಬೊಂಬಾಯಿಗೆ ಬರೆದರು.

ಫ್ರಾಂಕ್ಸನು ನಿಶ್ಚಯಿಸಿದುದು ಇಲ್ಲಿಯೇ. ಎಷ್ಟೋ ಅಂಗಲಾಚಿ, ಬೀವರ್ ಎಂಬ ಪ್ರಾಣಿಯ ತುಪ್ಪುಳಿನಿಂದ ಮಾಡಿದ ಬೆಲೆಬಾಳುವ ಟೋಪಿಯೊಂದನ್ನು ಕಿಡ್ಡನಿಗೆ ಕಾಣಿಕೆಯಾಗಿತ್ತು, ದಡಕ್ಕೆ ಇಳಿಯಲು ಅಪ್ಪಣೆ ಪಡೆದನು. ಸಾವಿರಾರು ಪೌಂಡುಗಳನ್ನು ಕಳೆದುಕೊಂಡವನ ಪ್ರಾಣಮಾನಗಳು ಕೊನೆಗೆ ಒಂದು ಟೋಪಿಯಿಂದ ಉಳಿದುವು! ಅದೇ ಅಕ್ಟೋಬರಿನಲ್ಲಿ ಬೊಂಬಾಯಿಯಲ್ಲಿ ಆತನು ಕಂಡುದನ್ನೆಲ್ಲ ಪ್ರಮಾಣಮಾಡಿ ಹೇಳಿ ಬರೆಯಿಸಿದನು.

ಹಡಗಿನಲ್ಲಿಯೇ ಉಳಿದವರ ಗತಿ ಬೇರೆಯಾಯಿತು. 1698ರ ಜನವರಿಯಲ್ಲಿ ಕಿಡ್ಡನು 'ಕ್ವೆಡಾ ಮರ್ಚೆಂಟ್' ಎಂಬ ಸಿರಿವಂತ ಹಡಗನ್ನು ಹಿಡಿದನು. 1701ರ ಮೇ ತಿಂಗಳಿನಲ್ಲಿ ಲಂಡನ್ನಿನ ನೌಕಾ ನ್ಯಾಯಸ್ಥಾನದ ವಿಚಾರಣೆಯಲ್ಲಿ, ಹಡಗಿನ ವೈದ್ಯನಾಗಿದ್ದ ಬ್ರಾಡಿನ್ಹಾಮನೇ ಅವನಿಗೆ ಎದುರಾಗಿ ಸಾಕ್ಷಿ ನುಡಿದನು. ಪಾರ್ಕರನ ಸೆರೆಯೂ ಆಳುಗಳ ಹೊಡೆತವೂ ಅಲ್ಲಿ ಮತ್ತೆ ಹೊರಬಿದ್ದುವು. ಹಿಡಿದ ಹಡಗುಗಳಲ್ಲಿ ಫ್ರೆಂಚರ ರಹದಾರಿ ಪತ್ರಗಳಿದ್ದುವೆಂದು ಕಿಡ್ಡನು ವಾದಿಸಿದರೂ ಪತ್ರಗಳು ಆಗ ದೊರೆಯಲಿಲ್ಲ. ಕೊಲೆ, ಕಡಲ್ಗಳ್ಳತನ ಎರಡರಲ್ಲಿಯೂ ಅಪರಾಧಿಯೆನಿಸಿ ಮೇ 23ರಂದು ಗಲ್ಲಿಗೇರಿದನು. ಆ ಪತ್ರಗಳು ಲಂಡನ್ನಿನ ದಫ್ತರದಲ್ಲಿ ಸಿಕ್ಕಿದುದು ಇಪ್ಪತ್ತನೆಯ ಶತಮಾನದಲ್ಲಿ.

ಚರಿತ್ರೆಯ ಗ್ರಂಥಗಳು ಕಿಡ್ಡನನ್ನು ಹೊಗಳಿಯೋ ತೆಗಳಿಯೋ ದೊಡ್ಡವನನ್ನಾಗಿ ಮಾಡಿವೆ. ಫ್ರಾಂಕ್ಸನ ಹೇಳಿಕೆಯಾದರೋ ನಮ್ಮ ನಿಮ್ಮಂತಹ ಸಾಮಾನ್ಯನೊಬ್ಬನನ್ನು ತೋರಿಸುತ್ತದೆ: ನಷ್ಟಹೊಂದಿದವನು, ಆಸೆಯಿಂದ ತಪ್ಪು ಹಡಗನ್ನು ಏರಿದವನು, ಆದರೆ ಅದು ಎತ್ತ ಹೋಗುತ್ತಿದೆಯೆಂದು ಅರಿತೊಡನೆ ಇಳಿದವನು. ಹೊಡೆತ ತಿಂದ ಆಳುಗಳ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಅವರ ನೋವಾದರೂ ನಮಗೆ ತಿಳಿದುದು ಇಂತಹ ಸಾಕ್ಷಿಗಳ ಬಾಯಿಂದಲೇ. ಹಡಗಿನಿಂದ ಇಳಿದು ತನ್ನ ಪಾಡಿಗೆ ತಾನು ಸುಮ್ಮನಾಗದೆ, ಕಂಡುದನ್ನು ಹೇಳಿದುದೇ ಆ ವರ್ತಕನು ಉಳಿಸಿಹೋದ ನಿಜವಾದ ರತ್ನ.