ಭೂದೃಶ್ಯ ವಾಸ್ತುಶಿಲ್ಪಿಗಳ ವೃತ್ತಿ ಪರವಾನಗಿ (ಭಾರತ)

ಭೂದೃಶ್ಯ ವಾಸ್ತುಶಿಲ್ಪಿ ಅಥವಾ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಎಂದರೆ ಉದ್ಯಾನ, ಕೆರೆಯಂಗಳ, ಸಂಸ್ಥೆಗಳ ಆವರಣ ಮುಂತಾದ ಬಯಲು ಜಾಗಗಳನ್ನು ವಿನ್ಯಾಸಗೊಳಿಸುವ ವೃತ್ತಿಪರ. ಅಮೆರಿಕದ ರಾಜ್ಯಗಳಲ್ಲಿ ಈ ವೃತ್ತಿಗೆ ಪರೀಕ್ಷೆ ಮತ್ತು ಪರವಾನಗಿ ಇವೆ. ಅದನ್ನು ಮೊದಲು ಜಾರಿಗೆ ತಂದದ್ದು ಕ್ಯಾಲಿಫೋರ್ನಿಯಾ (1953). ಭಾರತದಲ್ಲಿ ಇದಕ್ಕೆ ಪ್ರತ್ಯೇಕ ಶಾಸನಬದ್ಧ ಪರವಾನಗಿ ಇಲ್ಲ.

ಕಾನೂನು

1972ರ ವಾಸ್ತುಶಿಲ್ಪಿಗಳ ಕಾಯಿದೆಯ 37ನೇ ಕಲಮಿನಂತೆ, ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ‘ಆರ್ಕಿಟೆಕ್ಟ್’ ಎಂಬ ಪದನಾಮವನ್ನು ಬಳಸಬಹುದು. ಇದನ್ನು ಮೀರಿದರೆ ಮೊದಲ ಅಪರಾಧಕ್ಕೆ 500 ರೂಪಾಯಿವರೆಗೆ ದಂಡವಿದೆ. ಆದರೆ ಅದೇ ಕಲಮು ಭೂದೃಶ್ಯ ವಾಸ್ತುಶಿಲ್ಪಿಗಳಿಗೂ ಹಡಗು ವಿನ್ಯಾಸಕರಿಗೂ ವಿನಾಯಿತಿ ನೀಡಿದೆ. ಗಿಡ, ಮರ ಮತ್ತು ಭೂದೃಶ್ಯಕ್ಕೆ ಸಂಬಂಧಿಸಿದ ಬಯಲು ಜಾಗಗಳ ವಿನ್ಯಾಸ ಮಾಡುವವರು ಭೂದೃಶ್ಯ ವಾಸ್ತುಶಿಲ್ಪಿಗಳು ಎಂಬುದು ಕಾಯಿದೆಯ ವಿವರಣೆ. ಈ ಕಲಮು ನಿರ್ಬಂಧಿಸುವುದು ಪದನಾಮದ ಬಳಕೆಯನ್ನೇ ಹೊರತು ವೃತ್ತಿಯನ್ನಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪು ನೀಡಿತು.

ಹೀಗಾಗಿ ವಿನ್ಯಾಸಕರ ಅರ್ಹತೆಯನ್ನು ಪರಿಶೀಲಿಸುವ ಹೊಣೆ ಬಹುಮಟ್ಟಿಗೆ ಕೆಲಸ ವಹಿಸುವವರದೇ ಆಗಿದೆ. ಭಾರತೀಯ ಭೂದೃಶ್ಯ ವಾಸ್ತುಶಿಲ್ಪಿಗಳ ಸಂಘದ (ಐಸೋಲಾ) ಸದಸ್ಯತ್ವ ಐಚ್ಛಿಕವಾದುದು, ಅದು ಪರವಾನಗಿಯಲ್ಲ.

ಚಳ್ಳಕೆರೆ ಮತ್ತು ಮೊಳಕಾಲ್ಮೂರು

ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳು ಪರವಾನಗಿಯ ಪ್ರಶ್ನೆಗೆ ತಕ್ಕ ಉದಾಹರಣೆಗಳು. ಚಳ್ಳಕೆರೆ ರಾಜ್ಯದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಒಂದು. ಇಲ್ಲಿನ ಅಮೃತ ಮಹಲ್ ಕಾವಲುಗಳು ದನ, ಕುರಿಗಳ ಮೇವಿನ ನೆಲೆಗಳು, ಕೃಷ್ಣಮೃಗಗಳಿಗೂ ಆಸರೆ. ಈ ಹುಲ್ಲುಗಾವಲುಗಳಲ್ಲಿ ಸಾವಿರಾರು ಎಕರೆಯನ್ನು ರಕ್ಷಣೆ, ಬಾಹ್ಯಾಕಾಶ ಹಾಗೂ ವಿಜ್ಞಾನ ಸಂಸ್ಥೆಗಳಿಗೆ ನೀಡಲಾಗಿದ್ದು, ಆ ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆಯೂ ಬಂದಿತ್ತು. ಇಂತಹ ನೆಲವನ್ನು ಪಾಳು ಎಂದು ಭಾವಿಸಿ ನೀರು ಬೇಡುವ ಹುಲ್ಲುಹಾಸನ್ನೋ ದಟ್ಟ ಮರಗಳನ್ನೋ ಬೆಳೆಸಿದರೆ, ನೋಟಕ್ಕೆ ಹಸಿರಾದರೂ ಮೂಲ ಹುಲ್ಲುಗಾವಲು ನಾಶವಾಗುತ್ತದೆ. ಅದನ್ನು ಗುರುತಿಸಬಲ್ಲ ತಜ್ಞತೆ ವಿನ್ಯಾಸಕರಿಗೆ ಇರಲೇಬೇಕೆಂದು ವಿಧಿಸುವ ಪರವಾನಗಿ ಇಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಅಶೋಕ ಸಿದ್ದಾಪುರದ ಶಾಸನ ಸ್ಥಳದಲ್ಲಿ ಸ್ಥಿತಿ ಬೇರೆ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ. ಅದರಾಚೆಯ 200 ಮೀಟರ್‌ನಲ್ಲಿ ನಿರ್ಮಾಣಕ್ಕೆ ಪೂರ್ವಾನುಮತಿ ಬೇಕು. ಆದರೆ ಈ ನಿಯಮ ಕಾಯುವುದು ಸ್ಥಳವನ್ನು; ವಿನ್ಯಾಸಕರ ಅರ್ಹತೆಯನ್ನು ಅದು ನಿಗದಿಪಡಿಸುವುದಿಲ್ಲ.